ಮೀಯಬೇಕಾದವರು ಯಾರು, ಅಕ್ಕೋರೇ?

ಪ್ರೀತಿಯ ಅಕ್ಕೋರೇ,

ತದಡಿಯಿಂದ ಅಘನಾಶಿನಿ ಊರಿಗೆ ಹೊಳೆ ದಾಟುವಾಗ ದೋಣಿ ಒಂದು ಮಗ್ಗುಲಿಗೆ ವಾಲಿದ ಆ ಮಧ್ಯಾಹ್ನ ನಿಮಗೆ ನೆನಪಿದೆಯೇ? ಕೊನೆಯ ಬೆಂಚಿಗೂ ಕೇಳುವಂತೆ ಜೀವಮಾನವಿಡೀ ಪಾಠ ಹೇಳಿದವರು ನೀವು. ಸಭೆಗಳಲ್ಲಿ ಎದ್ದುನಿಂತು ಪ್ರಶ್ನೆ ಕೇಳಿ ಹೆಸರು ಕೆಡಿಸಿಕೊಂಡವಳು ನಾನು. ಇಬ್ಬರ ಬಾಯಿಂದಲೂ ಒಂದು ಸೊಲ್ಲು ಹೊರಡಲಿಲ್ಲ. ದಡಕ್ಕೆ ಕಾಲಿಟ್ಟ ಮೇಲೆ ನೀವು ಸೆರಗಿನಿಂದ ಮುಖ ಒರೆಸಿಕೊಂಡು, "ವೀಣಾ, ನಿನ್ನ ಬಾಯಿ ಎಲ್ಲಿಗೆ ಹೋಗಿತ್ತೆ?" ಎಂದು ನಕ್ಕಿರಿ. ನೀವು ತೀರಿಹೋಗಿ ವರ್ಷ ದಾಟಿತು. ಹೊನ್ನಾವರದ ಕಾಲೇಜಿನ ಗ್ರಂಥಾಲಯದಲ್ಲಿ ಪುಸ್ತಕಗಳ ನಡುವೆ ಕೂತು ಈಗಲೂ ಆ ನಗು ಕೇಳಿಸಿಕೊಳ್ಳುತ್ತೇನೆ. "ಅವಳು ಕೂಗಿಕೊಳ್ಳಲೇ ಇಲ್ಲವಂತೆ" ಎಂದು ಯಾರಾದರೂ ಅಂದಾಗಂತೂ ಆ ದೋಣಿಯೇ ಕಣ್ಣಮುಂದೆ ಬರುತ್ತದೆ. ಈಚೆಗೆ ಆ ಮಾತನ್ನು ತುಂಬ ಕೇಳಬೇಕಾಗಿದೆ. ನಿಮಗಲ್ಲದೆ ಇನ್ಯಾರಿಗೆ ಹೇಳಲಿ?

ನಮ್ಮ ಕಾಗಾಲದ ಮಾದೇವಿಯ ಮಗಳು ಸುಜಾತ, ಭಟ್ಕಳದ ಬಟ್ಟೆ ಅಂಗಡಿಯಲ್ಲಿ ಕೆಲಸ ಸಿಕ್ಕಿತೆಂದು ಹೇಳಲು ನಿಮ್ಮ ಜಗಲಿಗೆ ಬಂದಿದ್ದಳಲ್ಲ? "ಅಲ್ಲಿಯವರ ನವಾಯತಿ ಮಾತು ಕಲಿತುಕೊಂಡು ಬಾ, ನಂಗೂ ಕಲಿಸು" ಎಂದಿದ್ದಿರಿ. ಕಲಿತಳು. ಆದರೆ ಕಲಿಸಲು ನೀವು... ಇರಲಿ. ಮಳೆಗಾಲ ಶುರುವಾದ ಹೊತ್ತಿನಲ್ಲಿ ಒಂದು ಸಂಜೆ ಕುಮಟಾದಲ್ಲಿ ಅವಳಿಗೆ ಊರಿನ ಬಸ್ಸು ತಪ್ಪಿತು. ಮನೆಗೆ ಬಿಡುತ್ತೇನೆಂದು ಬೈಕಿನಲ್ಲಿ ಕೂರಿಸಿಕೊಂಡವನು ಅವಳ ಅಪ್ಪನ ಗೆಳೆಯ. ಅವಳು ಮಾತು ಕಲಿತಾಗಿನಿಂದ ಮಾವ ಎಂದು ಕರೆದವನು. ಅವನು ತನ್ನ ಬಲೆ ಇಡುವ ಶೆಡ್ಡಿನ ಕಡೆಗೆ ಬೈಕು ತಿರುಗಿಸಿದ. ಅಲ್ಲಿ ಅತ್ಯಾಚಾರ ಮಾಡಿದ. ಈ ಪದವನ್ನು ನುಂಗದೆ ಬರೆಯಬೇಕೆಂದು ನೀವೇ ಹೇಳುತ್ತಿದ್ದಿರಿ. ಊರವರು ಮಾತ್ರ "ಹಾಂಗೆಲ್ಲ ಆತಂತೆ" ಎನ್ನುತ್ತಾರೆ. ಗಾಳಿಗೆ ಮರ ಬಿದ್ದ ಹಾಗೆ, ಯಾರೂ ಏನೂ ಮಾಡದೆ ತಾನೇ ಆಗಿಹೋದ ಹಾಗೆ.

ನಾವು ಚಿಕ್ಕವರಿದ್ದಾಗ ನಮಗೆ ಹೇಳಿಕೊಟ್ಟದ್ದೆಲ್ಲ ದಾರಿಯ ಭಯವೇ. ಗುರುತಿಲ್ಲದವರ ಜೊತೆ ಮಾತಾಡಬೇಡ, ಕತ್ತಲಾಗುವ ಮೊದಲು ಮನೆ ಸೇರು. ಸುಜಾತಳಿಗೂ ಅದನ್ನೇ ಹೇಳಿದ್ದರು. ಬಸ್ಸು ತಪ್ಪಿದರೆ ಮಾವನಿಗೆ ಫೋನು ಮಾಡು ಎಂದು ಹೇಳಿದ್ದೂ ಮನೆಯವರೇ. ಈಗ ಅದೇ ಊರು, ಅವಳು ಆ ಬೈಕು ಹತ್ತಿದ್ದು ಯಾಕೆ ಎಂದು ಕೇಳುತ್ತದೆ. ಮನೆಗೆ ಬಂದು ಚಹಾ ಕುಡಿದು ಹೋಗುವವನಿಗೆ ಹೆದರಬೇಕೆಂದು ಯಾರಾದರೂ ಅವಳಿಗೆ ಕಲಿಸಿದ್ದರೇ?

ಚೌತಿಯಂದು ನಿಮ್ಮನ್ನು ತುಂಬ ನೆನೆದೆ. ಆ ದಿನ ಮನೆಮನೆಗೆ ಹೋಗಿ ಗಣಪತಿ ನೋಡದಿದ್ದರೆ, ಯಾಕೆ ಬರಲಿಲ್ಲವೆಂದು ಹತ್ತು ಜನ ಕೇಳುತ್ತಾರೆ. ಆ ಪ್ರಶ್ನೆಗೆ ಹೆದರಿಯೇ ಸುಜಾತ ಮನೆಯವರ ಜೊತೆ ಅವನ ಮನೆಗೂ ಹೋದಳು. ಅವನ ಹೆಂಡತಿ ಕೊಟ್ಟ ಚಕ್ಕುಲಿ ತಿಂದಳು. ಯಾರೋ ತೆಗೆದ ಫೋಟೋದಲ್ಲಿ ನಗುತ್ತ ನಿಂತಳು. ತಾಯಿಗೆ ಹೇಳಲು ಅವಳಿಗೆ ಧೈರ್ಯ ಬಂದದ್ದು ಅದಾದ ಮೇಲೆ. ಪೊಲೀಸರಿಗೆ ದೂರು ಕೊಟ್ಟದ್ದೇ ತಡ, ಆ ಫೋಟೋ ಊರಿನ ಫೋನುಗಳಲ್ಲೆಲ್ಲ ತಿರುಗಿತು. "ಖರೆ ಹಾಂಗೆ ಆಗಿದ್ರೆ ಚಕ್ಲಿ ಗಂಟ್ಲಲ್ಲಿ ಇಳೀತಿತ್ತನೆ?" ಎಂದು ಪಕ್ಕದ ಮನೆಯ ಗಿರಿಜಕ್ಕ ನನ್ನನ್ನೇ ಕೇಳಿದಳು. ನಿಮ್ಮನ್ನು ಕಳಿಸಿ ಬಂದ ದಿನ ನಾನೂ ಗಂಜಿ ಉಂಡೆ ಅಕ್ಕೋರೇ. ಟಿವಿಯಲ್ಲಿ ಯಾರೋ ಏನೋ ಅಂದದ್ದಕ್ಕೆ ನಕ್ಕೆ ಕೂಡ. ಹಾಗಾದರೆ ನೀವು ಸತ್ತಿಲ್ಲವೇ?

ಒಂಬತ್ತನೇ ತರಗತಿಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ಹುಡುಗಿಯೊಬ್ಬಳು ಇದ್ದಕ್ಕಿದ್ದಂತೆ ಮಾತು ಬಿಟ್ಟಳು. ಅವಳ ಸೋದರಮಾವನ ವಿಷಯ ಶಾಲೆಯಲ್ಲಿ ಪಿಸುಮಾತಾಗಿತ್ತು. ಉಳಿದ ಮಾಸ್ತರುಗಳು ಅವಳ ಲಂಗದ ಉದ್ದ, ನಡಿಗೆ, ನಗು ಎಲ್ಲವನ್ನೂ ವಿಚಾರಣೆ ಮಾಡಿದರು. ನೀವು ಅವಳ ಬೆಂಚಿಗೆ ಬಂದು ಡಬ್ಬಿ ಬಿಚ್ಚಿ, "ಊಟ ಆತನೆ?" ಎಂದಷ್ಟೇ ಕೇಳಿದಿರಿ. ಅವಳಾಗಿಯೇ ಬಾಯಿ ಬಿಡುವವರೆಗೆ ದಿನಾ ಅದೊಂದೇ ಪ್ರಶ್ನೆ. ನಾನು ಓದಿದ ಯಾವ ಪುಸ್ತಕವೂ ನನಗೆ ಅಷ್ಟು ಕಲಿಸಲಿಲ್ಲ. ಸುಜಾತಳ ಮನೆಗೆ ಹೋದಾಗ ನಾನೂ ಅದನ್ನೇ ಕೇಳಿದೆ. ನಿಮ್ಮ ದನಿ ಮಾತ್ರ ನನಗೆ ಬರಲಿಲ್ಲ.

ನಿಮ್ಮ ಹಿತ್ತಲಿನ ತೆಂಗಿನಕಾಯಿ ಕಳುವಾದ ವರ್ಷವನ್ನು ಮರೆಯುವುದುಂಟೇ? ಊರ ಹಿರಿಯರು ಅನುಮಾನ ಇದ್ದವನನ್ನು ಕರೆಸಿ, ಮಿಂದು ಒದ್ದೆ ಬಟ್ಟೆಯಲ್ಲಿ ದೇವರ ಮುಂದೆ ಪ್ರಮಾಣ ಮಾಡು ಎಂದರು. ಕಾಯಿ ನಿಜಕ್ಕೂ ಕಳುವಾಯಿತೇ, ಬೇಲಿ ಯಾಕೆ ತಗ್ಗಿತ್ತು ಎಂದು ನಿಮ್ಮನ್ನು ಯಾರೂ ಕೇಳಲಿಲ್ಲ. ಅದೇ ಹಿರಿಯರು ಮೊನ್ನೆ ಭಾನುವಾರ ಅದೇ ದೇವಸ್ಥಾನದ ಅಂಗಳದಲ್ಲಿ ಕೂಡಿ, ಮಾದೇವಿಯನ್ನೂ ಸುಜಾತಳನ್ನೂ ಕರೆಸಿದರು. ಜಾಮೀನಿನ ಮೇಲೆ ಹೊರಬಂದ ಆ ಮಾವ ಅಲ್ಲಿರಲಿಲ್ಲ. ಇರಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ. ದೂರು ಹಿಂದಕ್ಕೆ ತೆಗೆದುಕೊಳ್ಳಲಿ, ಇಲ್ಲವಾದರೆ ಹುಡುಗಿ ಮಿಂದು ಬಂದು ಪ್ರಮಾಣ ಮಾಡಲಿ ಎಂದು ತೀರ್ಮಾನ ಹೇಳಿದರು. ನನಗೆ ಮೈ ಉರಿಯಿತು. ಕದ್ದವನು ಮಾಡಬೇಕಾದ ಪ್ರಮಾಣವನ್ನು ಕಳೆದುಕೊಂಡವಳ ಹತ್ತಿರ ಯಾವ ಬಾಯಿಂದ ಕೇಳುತ್ತೀರಿ ಎನ್ನಲು ಎದ್ದೆ. ಅಷ್ಟರಲ್ಲಿ ಮಾದೇವಿಯೇ ಅಂದುಬಿಟ್ಟಳು:

"ಕಾಯಿ ಕಳುವಾದ್ರೆ ತೆಂಗಿನ ಮರದ ಹತ್ರ ಪ್ರಮಾಣ ಮಾಡ್ಸ್ತ್ರ್ಯಾ?"

ಹಿಂದೆ ಯಾರೋ ಕಿಸಕ್ಕೆಂದು ನಕ್ಕರು. ಹಿರಿಯರಲ್ಲೊಬ್ಬರು ಸಿಟ್ಟಾಗಲಿಲ್ಲ, ಬಹಳ ಮೆತ್ತಗೆ ಹೇಳಿದರು: "ಮಾದೇವಿ, ನೀ ಸುಮ್ನಿರು." ಆಮೇಲೆ ಸುಜಾತಳ ಕಡೆಗೆ ತಿರುಗಿದರು: "ಕೂಸೇ, ಖರೆ ಹೇಳ್ತಿದ್ರೆ ದೇವ್ರಿಗೆ ಹೆದ್ರೂದು ಎಂತಕ್ಕೆ? ಮಿಂದ್ಕಂಡು ಬಾ, ಒಂದು ಮಾತು ಹೇಳು, ಮುಗೀತು."

ಸುಜಾತ ಕಂಬದ ಪಕ್ಕದಿಂದ ಈಚೆಗೆ ಬಂದಳು.

"ಪ್ರಮಾಣ ಕೋರ್ಟಲ್ಲಿ ಮಾಡ್ತೆ. ಆದ್ರೆ ನಾ ಎಂತಕ್ಕೆ ಮೀಯೂದು? ನಂಗೆ ಎಂತ ಮೈಲಿಗೆ?"

ತಾಯಿಯ ಕೈ ಹಿಡಿದುಕೊಂಡು ಅವಳು ಅಂಗಳ ದಾಟಿ ಹೋದಳು. ಊರು ಒಂದೇ ದಿನದಲ್ಲಿ ಬದಲಾಗಲಿಲ್ಲ. ಅವಳಿಗೆ ಸೊಕ್ಕು ಎನ್ನುವವರು ಇದ್ದಾರೆ, ಮಾದೇವಿಯ ಮನೆಗೆ ಹೋಗುವುದನ್ನು ಬಿಟ್ಟವರೂ ಇದ್ದಾರೆ. ಆದರೆ ದೂರು ಹಾಗೆಯೇ ಇದೆ. ಸೋಮವಾರ ಅವಳು ಎಂದಿನಂತೆ ಭಟ್ಕಳದ ಬಸ್ಸು ಹತ್ತಿದಳು.

ಇನ್ನು ಕಾರವಾರದಲ್ಲಿ ವಿಚಾರಣೆ. ಬಾಗಿಲು ಮುಚ್ಚಿ ನಡೆಸುತ್ತಾರಂತೆ, ನಮ್ಮನ್ನು ಒಳಗೆ ಬಿಡುವುದಿಲ್ಲವಂತೆ. ಯಾಕೆ ಹತ್ತಿದೆ, ಯಾಕೆ ಕೂಗಲಿಲ್ಲ, ಯಾಕೆ ತಡಮಾಡಿದೆ ಎಂದು ಅವಳನ್ನು ಅಲ್ಲಿಯೂ ಕೇಳುತ್ತಾರೆ. ಹೊರಗಿನ ಬೆಂಚಿನಲ್ಲಿ ನಾನು ಕೂತಿರುತ್ತೇನೆ, ಎಷ್ಟು ಸಲ ಕರೆಸಿದರೆ ಅಷ್ಟು ಸಲ. ಬಾಗಿಲು ತೆರೆದು ಅವಳು ಹೊರಬಂದಾಗ ಮೊದಲು ಕಾಣುವ ಮುಖ ನನ್ನದಾಗಿರುತ್ತದೆ.

ನಿಮ್ಮದಾಗಿರಬೇಕಿತ್ತು.

ನಿಮ್ಮ
ವೀಣಾ