ಅಲಿಯಬ್ಬನ ಎಡ ಮೊಣಕಾಲು

೭ ಜುಲೈ ೧೯೫೮, ಸಂಜೆ

ಮಳೆ. ಕೆಮ್ಮು, ಜ್ವರ, ಒಂದು ಕುರು. ಡಿಸ್ಪೆನ್ಸರಿ ಬಾಗಿಲು ಹಾಕುವ ಹೊತ್ತಿಗೆ ಅಲಿಯಬ್ಬನನ್ನು ಹೊತ್ತು ತಂದರು. ಅಮ್ಮನ ತಮ್ಮ ಅಣ್ಣು ಮಾವನ ಬಸ್ಸಿನ ಡ್ರೈವರ್. ಜೊತೆಗೆ ಕಂಡಕ್ಟರ್ ಬೂಬ. ಅಲಿಯಬ್ಬ ಬಸ್ ಸ್ಟ್ಯಾಂಡಿನಲ್ಲಿ ಸೀಟಿನಿಂದ ಕೆಳಗೆ ಹಾರಿದನಂತೆ. ಎಡಗಾಲು ಕೆಸರಿನಲ್ಲಿ ಹೂತುಹೋಯಿತು, ಮೈ ಮಾತ್ರ ತಿರುಗಿತು.

"ಒಳಗೆ ಟಕ್ ಅಂತ ಕೇಳಿತು ಡಾಕ್ಟ್ರೇ."

ಮೊಣಕಾಲು ಊದಿದೆ. ಒಳಮಗ್ಗುಲು ಮುಟ್ಟಿದರೆ ಹಲ್ಲು ಕಚ್ಚುತ್ತಾನೆ. ಮೂಳೆ ಮುರಿದ ಲಕ್ಷಣ ಇಲ್ಲ. ಕೀಲಿನ ಕಟ್ಟು, ಲಿಗಮೆಂಟ್, ಉಳುಕಿರಬೇಕು. ಬಂದರಿನಿಂದ ಮೀನಿನ ಐಸ್ ತರಿಸಿ, ಬಟ್ಟೆಯಲ್ಲಿ ಸುತ್ತಿ ಇಡಲು ಹೇಳಿದೆ. ಕ್ರೇಪ್ ಬ್ಯಾಂಡೇಜ್. ಕಾಲು ದಿಂಬಿನ ಮೇಲೆ. ಎಣ್ಣೆ ಹಾಕಿ ತಿಕ್ಕುವುದು ಬೇಡವೇ ಬೇಡ.

೮ ಜುಲೈ

ಬೆಳಿಗ್ಗೆಯೇ ಮಾವ ಬಂದರು. ಛತ್ರಿ ಮಡಚಲಿಲ್ಲ, ಕೂರಲಿಲ್ಲ.

"ಎಂತ ಚಿತ್ತರಂಜನ, ಅವನಿಗೆ ರಜೆ ಬರೆದಿದ್ದೀಯಂತೆ?"

"ಎರಡು ವಾರ ನೋಡುವ ಮಾವ. ಊದಿಕೆ ಉಂಟು."

"ಅವ ಬೇರೆ ಕಂಪೆನಿಯವರೊಟ್ಟಿಗೆ ಮಾತಾಡ್ತಾ ಇದ್ದಾನೆ ಮಾರಾಯ. ನನ್ನ ಬಸ್ಸು ನಿಲ್ಲಿಸಿ ಅಲ್ಲಿಗೆ ಹಾರುವ ಉಪಾಯ. ನೀನು ಒಂದು ಕಣ್ಣಿಡು."

ಡಿಸ್ಪೆನ್ಸರಿಯ ಕಟ್ಟಡ ಅವರದ್ದು. ಹೊರಗಿನ ಬೋರ್ಡು ಬರೆಸಿದ್ದೂ ಅವರೇ. ತಲೆ ಆಡಿಸಿದೆ. ಊದಿದ ಮೊಣಕಾಲನ್ನು ಯಾರೂ ನಾಟಕಕ್ಕೆ ಊದಿಸಿಕೊಳ್ಳಲಾರರು. ಆದರೂ 'ಕಣ್ಣಿಡು' ಎಂಬ ಮಾತು ತಲೆಯೊಳಗೆ ಕೂತುಬಿಟ್ಟಿದೆ.

೨೧ ಜುಲೈ

ಊದಿಕೆ ಇಳಿದಿದೆ. ಎಕ್ಸ್‌ರೇ ಸ್ವಚ್ಛ. ಬೆಂಚಿನ ಮೇಲೆ ಮಲಗಿಸಿ, ಕಾಲು ನೇರ ಚಾಚಿಸಿ, ಪಾದ ಹಿಡಿದು ಆಚೀಚೆ ದೂಡಿ ನೋಡಿದೆ. ಗಟ್ಟಿ.

"ಇನ್ನು ಡ್ಯೂಟಿಗೆ ಹೋಗಬಹುದಲ್ಲ ಅಲಿಯಬ್ಬ?"

"ಕ್ಲಚ್ ತುಳಿಯಲಿಕ್ಕೆ ಆಗುದಿಲ್ಲ. ಕಾಲು ಒಮ್ಮೆಲೇ ಬಿಟ್ಟು ಹೋಗ್ತದೆ."

"ನೋವು ಉಂಟಾ?"

ಅವನು ಕಿಟಕಿಯ ಕಡೆ ನೋಡಿದ. "ಅಷ್ಟೇನಿಲ್ಲ."

ನೋವಿಲ್ಲ, ಊತವಿಲ್ಲ, ಮೂಳೆಯಲ್ಲಿ ದೋಷವಿಲ್ಲ. ಆದರೂ ಆಗುವುದಿಲ್ಲ! ಮಾವ ಹೇಳಿದ್ದು ನಿಜವೇ?

೨೪ ಜುಲೈ

ನೋಡಿದೆ. ನನ್ನ ಕಣ್ಣಾರೆ. ಅಲಿಯಬ್ಬ ಮಾರ್ಕೆಟ್ ರಸ್ತೆಯಲ್ಲಿ ನಡೆದು ಹೋಗುತ್ತಿದ್ದ. ಕೋಲಿಲ್ಲ. ನೆಟ್ಟಗೆ, ಸೈನ್ಯದವನ ಹಾಗೆ. ಎದುರಿನಿಂದ ಮಾವನ ಲೆಕ್ಕ ಬರೆಯುವ ರೈಟರು ಸೈಕಲಿನಲ್ಲಿ ಬಂದರೆ ಕೈ ಎತ್ತಿ ನಗಾಡಿದ. ನನ್ನ ಡಿಸ್ಪೆನ್ಸರಿಗೆ ಬರುವಾಗ ಮಾತ್ರ ಬೂಬನ ಹೆಗಲು ಬೇಕು. ನಾನು ಅಂಗಡಿಯೊಂದರ ಜಗಲಿಯ ಕಂಬದ ಹಿಂದೆ ಸರಿದು ನಿಂತೆ. ಡಾಕ್ಟರು ಅಡಗಿ ನಿಲ್ಲುವುದು — ನಾಚಿಕೆ. ಆದರೂ ನಿಂತೆ.

೨೬ ಜುಲೈ

ಸೋಮವಾರದೊಳಗೆ ಫಿಟ್ ಸರ್ಟಿಫಿಕೇಟ್ ಕೊಡಬೇಕಂತೆ. ಮಾವನ ಅಪ್ಪಣೆ. ಅಲಿಯಬ್ಬ ಆಮೇಲೂ ಬರದಿದ್ದರೆ ಕೆಲಸದಿಂದ ತೆಗೆಯುವುದಕ್ಕೆ ಅದೇ ಸಾಕು.

ಬೂಬನನ್ನು ಕೆದಕಿದೆ. "ನಿನ್ನ ಡ್ರೈವರು ಸಂಜೆ ಎಲ್ಲಿಗೆ ಹೋಗ್ತಾರೆ?"

"ಎಲ್ಲಿಗೂ ಇಲ್ಲ ಸಾರ್. ಈಗ ಪಳ್ಳಿಗೂ ಬರುದಿಲ್ಲ."

"ಯಾಕೆ?"

"ನನಗೆ ಗೊತ್ತಿಲ್ಲ ಸಾರ್." ಟಿಕೆಟ್ ಚೀಲ ಸರಿಮಾಡಿಕೊಂಡು ಹೊರಟೇ ಹೋದ.

ಮಸೀದಿಗೂ ಹೋಗದವನು ಆ ಹೊತ್ತಿಗೆ ಯಾರ ಹತ್ತಿರ ಹೋಗುತ್ತಾನೆ? ಬೇರೆ ಕಂಪೆನಿಯವರ ಹತ್ತಿರವೇ? ನಾಳೆ ಹೇಳದೆ ಕೇಳದೆ ಅವನ ಮನೆಗೆ ಹೋಗುತ್ತೇನೆ. ಸಿಕ್ಕಿಬೀಳಲಿ.

೨೭ ಜುಲೈ, ಸಂಜೆ

ಕುದ್ರೋಳಿಯ ಅಲಿಯಬ್ಬನ ಮನೆಯಿಂದ ಈಗಷ್ಟೇ ಬಂದೆ. ಎಲ್ಲ ಬರೆದಿಡುತ್ತೇನೆ.

ಜಗಲಿಯಲ್ಲಿ ಅವನ ಹೆಂಡತಿ ಬೀಫಾತಿಮ್ಮ ಅಕ್ಕಿ ಆರಿಸುತ್ತಿದ್ದರು. ನನ್ನನ್ನು ಕಂಡು ಗಾಬರಿಯಿಂದ ಎದ್ದರು. "ನಮಾಜಿಗೆ ಎದ್ದಿದ್ದಾರೆ. ಕೂತುಕೊಳ್ಳಿ." ಕೂರಲಿಲ್ಲ. ಬಾಗಿಲು ಅರ್ಧ ತೆರೆದಿತ್ತು. ಅವನ ಬೆನ್ನು ನನ್ನ ಕಡೆಗೆ.

ಚಾಪೆಯ ಕಡೆ ತಿರುಗಿದ. ತಿರುಗಿದ್ದೇ ತಡ, ಎಡ ಮೊಣಕಾಲು ಒಳಗೆ ಕುಸಿಯಿತು. ಗೋಡೆ ಹಿಡಿದ. ಒಂದು ಕ್ಷಣ ಹಾಗೇ ನಿಂತು ಉಸಿರು ಬಿಟ್ಟ. ಆಮೇಲೆ ಸ್ಟೂಲಿನ ಮೇಲೆ ಕೂತು, ಎಡಗಾಲು ಮುಂದಕ್ಕೆ ಚಾಚಿ, ಕೂತಲ್ಲೇ ಬಾಗಿ ಬಾಗಿ ನಮಾಜು ಮಾಡಿದ.

ಕೋಣೆಯಲ್ಲಿ ಯಾರೂ ಇರಲಿಲ್ಲ. ನನ್ನೆದುರು, ಮಾವನೆದುರು ನಾಟಕ ಆಡಬಹುದು. ಅಲ್ಲಿ ಯಾರೆದುರು ಆಡಬೇಕು?

"ಪಳ್ಳಿಯಲ್ಲಿ ಸ್ಟೂಲಿನಲ್ಲಿ ಕೂತ್ರೆ ಜನ ನೋಡ್ತಾರೆ," ಎಂದರು ಬೀಫಾತಿಮ್ಮ ಮೆಲ್ಲಗೆ. "ಅಲಿಯಬ್ಬ ಕುಂಟ ಆದ ಅಂತ ಸಾಹುಕಾರರಿಗೆ ಮುಟ್ಟಿಸ್ತಾರೆ. ಕುಂಟ ಡ್ರೈವರನ್ನು ಯಾರು ಇಟ್ಟುಕೊಳ್ತಾರೆ ಹೇಳಿ? ರಸ್ತೆಯಲ್ಲಿ ನೆಟ್ಟಗೆ ನಡೆದು ಬರ್ತಾರೆ, ಮನೆಗೆ ಬಂದು ಬೀಳ್ತಾರೆ."

ಅಂದರೆ ನಾಟಕ ಇತ್ತು. ನಾನು ಹುಡುಕಿದ್ದು ಮಾತ್ರ ಉಲ್ಟಾ. ನೋವಿನ ನಾಟಕ ಅಲ್ಲ, ನೋವಿಲ್ಲದ ನಾಟಕ.

ಚಾಪೆಯ ಮೇಲೆ ಮಲಗಿಸಿ ಮತ್ತೆ ನೋಡಿದೆ. ಈ ಸಲ ಮೊಣಕಾಲಿನ ಅಡಿಗೆ ದಿಂಬು ಕೊಟ್ಟು, ಸ್ವಲ್ಪ ಮಡಚಿಸಿ, ತೊಡೆ ಸಡಿಲ ಆಗುವವರೆಗೆ ಊರಿನ ಸುದ್ದಿ ಮಾತಾಡಿಸಿದೆ. ಆಮೇಲೆ ಹೊರಮಗ್ಗುಲಿನಿಂದ ಒತ್ತಿದೆ. ಒಳಮಗ್ಗುಲಲ್ಲಿ ಕೀಲು ಬಾಯಿ ಬಿಟ್ಟಿತು! ಬಲಗಾಲನ್ನೂ ಹಾಗೆಯೇ ಒತ್ತಿದೆ. ಅದು ಅಲುಗಲಿಲ್ಲ.

ಕಾಲು ನೇರ ಇದ್ದಾಗ ಉಳಿದ ಕಟ್ಟುಗಳು ಕೀಲನ್ನು ಬಿಗಿಹಿಡಿಯುತ್ತವೆ. ಅದಕ್ಕೇ ನನಗೆ ಗಟ್ಟಿ ಕಂಡದ್ದು, ಅದಕ್ಕೇ ಅವನು ನೇರ ನಡೆಯಬಲ್ಲ. ಮಡಚಿದಾಗ, ತಿರುಗಿದಾಗ ಒಳಗಿನ ಲಿಗಮೆಂಟ್ ಒಂದೇ ಭಾರ ಹೊರಬೇಕು. ಅದು ಅರ್ಧ ಹರಿದಿದೆ. ಎಕ್ಸ್‌ರೇಯಲ್ಲಿ ಕಾಣುವುದು ಮೂಳೆ ಮಾತ್ರ. ಮದ್ರಾಸಿನಲ್ಲಿ ಕಲಿತದ್ದೇ ಇದು. ಕಣ್ಣಿಡುವ ಗಡಿಬಿಡಿಯಲ್ಲಿ ಕೈ ಸರಿಯಾಗಿ ಇಡಲಿಲ್ಲ.

"ನನಗೆ ಮೊದಲೇ ಸರಿಯಾಗಿ ಹೇಳಬಹುದಿತ್ತಲ್ಲ?"

"ನೀವು ಸಾಹುಕಾರರ ಅಳಿಯ. ನಿಮ್ಮ ಹತ್ತಿರ ಎಷ್ಟು ಹೇಳುದು, ಎಷ್ಟು ಬಿಡುದು ಅಂತ ಗೊತ್ತಾಗ್ಲಿಲ್ಲ ಡಾಕ್ಟ್ರೇ."

ನನ್ನ ಮೇಲೆ ಅವನಿಗೂ ಸಂಶಯ.

೨೮ ಜುಲೈ

'ಅನ್‌ಫಿಟ್' ಎಂದು ಬರೆದುಕೊಟ್ಟೆ. ಮಾವ ಓದಿ ಮೇಜಿನ ಮೇಲೆ ಎಸೆದರು.

"ಅವ ನಿನಗೆ ಎಂತ ಕೊಟ್ಟ?"

"ಬಸ್ಸಿನ ತುಂಬ ಜನ ಇರ್ತಾರೆ ಮಾವ. ಕಾವೂರಿನ ಏರಿನಲ್ಲಿ ಕ್ಲಚ್ ತುಳಿದ ಕಾಲು ಬಿಟ್ಟು ಹೋದ್ರೆ?"

"ಎಂತದೂ ಆಗುದಿಲ್ಲ. ಸೀಟಿನಲ್ಲಿ ಕೂತ್ರೆ ಕಾಲು ತನ್ನಷ್ಟಕ್ಕೇ ಸರಿ ಆಗ್ತದೆ."

"ನಾನು ಸಹಿ ಹಾಕುದಿಲ್ಲ."

ಮಾವ ಛತ್ರಿ ಎತ್ತಿಕೊಂಡರು. "ಹಾಗಾದ್ರೆ ರೂಮು ಖಾಲಿ ಮಾಡು."

೯ ಆಗಸ್ಟ್

ಈಗ ಡಿಸ್ಪೆನ್ಸರಿ ಕೊಟ್ಟಾರದಲ್ಲಿ, ಟೈಲರ್ ಅಂಗಡಿಯ ಹಿಂದಿನ ಕೋಣೆ. ಪೇಶಂಟುಗಳು ಇಲ್ಲ ಎನ್ನುವಷ್ಟು ಕಡಿಮೆ. ಮಾವ ಏನಾದರೂ ಹೇಳಿ ತಡೆಯುತ್ತಿದ್ದಾರೆಯೇ? ಅಥವಾ ಬರೀ ಮಳೆಯೇ? ಅಮ್ಮ ಎರಡು ದಿನದಿಂದ ಮಾತಾಡಿಲ್ಲ. ತಮ್ಮನ ಪರವೋ, ಮಗನ ಪರವೋ ಹೇಳುವುದಿಲ್ಲ. ಮೀನು ಹುರಿದು ಬಡಿಸಿ ಒಳಗೆ ಹೋಗುತ್ತಾರೆ.

ಅಲಿಯಬ್ಬ ಬೂಬನ ಜೊತೆ ಬಂದ. ಬ್ಯಾಂಡೇಜ್ ಮುಂದುವರಿಯಲಿ ಎಂದೆ. ತೊಡೆ ಬಿಗಿ ಹಿಡಿಯುವುದು, ಬಿಡುವುದು. ನೋವಿಲ್ಲದಿದ್ದರೆ ಪಾದಕ್ಕೆ ಸಣ್ಣ ಮರಳಿನ ಚೀಲ ಕಟ್ಟಿ ಮೆಲ್ಲಗೆ ಎತ್ತುವುದು. ಲಿಗಮೆಂಟ್ ಕೂಡುವವರೆಗೆ ತೊಡೆಯೇ ಮೊಣಕಾಲನ್ನು ಕಾಯಬೇಕು.

"ಮಾಡ್ತೇನೆ" ಎನ್ನುತ್ತಾನೆ. ಮಾಡುತ್ತಾನೋ ಇಲ್ಲವೋ? ಟೈಲರನ ಟೇಪು ಕೇಳಿ ತಂದು ಎರಡೂ ತೊಡೆ ಅಳೆದಿಟ್ಟೆ.

೩೦ ಆಗಸ್ಟ್

ಮಾಡುತ್ತಿದ್ದಾನೆ. ಎಡತೊಡೆ ತುಂಬಿಕೊಳ್ಳುತ್ತಿದೆ. ಅಳೆಯುವಾಗ ಅಲಿಯಬ್ಬ ನಕ್ಕ. "ಇನ್ನೂ ನಂಬಿಕೆ ಇಲ್ವಾ ಡಾಕ್ಟ್ರೇ?" ನನಗೂ ನಗು ಬಂತು.

೨೦ ಸೆಪ್ಟೆಂಬರ್

ಮಡಚಿ ಒತ್ತಿದೆ. ಬಾಯಿ ಬಿಡಲಿಲ್ಲ. ಮೆಟ್ಟಿಲು ಹತ್ತಿದ, ಇಳಿದ. ಎಡಗಾಲಿನ ಮೇಲೆಯೇ ನಿಂತು ಗರ್ರನೆ ತಿರುಗಿದ. ಫಿಟ್ ಎಂದು ಬರೆದೆ.

ಮಾವನ ಉತ್ತರ ಬೂಬನ ಬಾಯಲ್ಲಿ ಬಂತು: "ಆಗ ಆಗುದಿಲ್ಲ ಅಂದ, ಈಗ ಆಗ್ತದೆ ಅಂತಾನೆ. ಇವನ ಯಾವ ಮಾತು ನಂಬುದು? ನಾಳೆ ಅಲಿಯಬ್ಬ ಖಾಲಿ ಬಸ್ಸು ಓಡಿಸ್ಲಿ. ನಾನೂ ಕೂತುಕೊಳ್ತೇನೆ. ಡಾಕ್ಟ್ರನ್ನೂ ಕೂರಿಸು."

೨೧ ಸೆಪ್ಟೆಂಬರ್

ಹೋದೆವು. ಅಲಿಯಬ್ಬ ಸ್ಟೇರಿಂಗಿನಲ್ಲಿ. ನಾನು ಪಕ್ಕದ ಸೀಟಿನಲ್ಲಿ. ಹಿಂದೆ ಮಾವ, ಬೂಬ. ನಾನು ರಸ್ತೆ ನೋಡಲಿಲ್ಲ. ಆ ಎಡ ಮೊಣಕಾಲನ್ನೇ ನೋಡುತ್ತಿದ್ದೆ. ನನ್ನ ಸಹಿಯ ಮೇಲೆ ನನಗೇ ಸಂಶಯ.

ಕಾವೂರಿನ ಏರಿನ ಬುಡಕ್ಕೆ ಬಂದಾಗ ಹಿಂದಿನಿಂದ ಮಾವನ ಧ್ವನಿ. "ನಿಲ್ಲಿಸು, ನಿಲ್ಲಿಸು. ನನಗೆ ಇಲ್ಲಿ ಒಬ್ಬರನ್ನು ನೋಡ್ಲಿಕ್ಕುಂಟು. ನೀವು ಹತ್ತಿಸಿ. ನಾನು ನಡೆದು ಬರ್ತೇನೆ."

ಇಳಿದರು. ಎರಡೂ ಕಡೆ ಗದ್ದೆ. ಮನೆ ಇಲ್ಲ, ಜನ ಇಲ್ಲ, ಒಂದು ದನ ಕೂಡ ಇಲ್ಲ.

ಅಲಿಯಬ್ಬ ಕನ್ನಡಿಯಲ್ಲಿ ಅವರನ್ನು ನೋಡಿದ. ಆಮೇಲೆ ನನ್ನನ್ನು. "ನೀವು ಇಳಿಯುವುದಾದ್ರೆ ಇಳಿಯಿರಿ ಡಾಕ್ಟ್ರೇ. ನನಗೆ ಬೇಜಾರಿಲ್ಲ."

"ಹೊರಡಿ."

ಅರ್ಧ ಏರಿನಲ್ಲಿ ನಾನೇ ನಿಲ್ಲಿಸಲು ಹೇಳಿದೆ. ನಿಲ್ಲಿಸಿದ. ಮತ್ತೆ ಕ್ಲಚ್ ತುಳಿದ. ಬಸ್ಸು ಒಂದು ಗೇಣು ಕೂಡ ಹಿಂದೆ ಜಾರಲಿಲ್ಲ. ಕಾಲು ಗೂಟದ ಹಾಗೆ ನಿಂತಿತ್ತು. ಬೂಬ ಹಿಂದಿನಿಂದ "ರೈಟ್, ರೈಟ್" ಎಂದು ಕೂಗಿದ. ಏರು ಮುಗಿಯಿತು.

ಮೇಲೆ ನಿಲ್ಲಿಸಿ ಕಾದೆವು. ತುಂಬ ಹೊತ್ತಿನ ಮೇಲೆ ಮಾವ ಕಂಡರು. ಛತ್ರಿ ಊರಿಕೊಂಡು, ಏದುಸಿರು ಬಿಡುತ್ತಾ. ಅಲಿಯಬ್ಬ ಇಂಜಿನ್ ಆರಿಸಿ, ಅವರ ಕಡೆ ನೋಡದೆ, ಗಾಜು ಒರೆಸತೊಡಗಿದ.

"ಸರಿ ಉಂಟು," ಎಂದರು ಮಾವ. "ನಾಳೆ ಫಸ್ಟ್ ಟ್ರಿಪ್ಪಿಗೆ ಬಾ." ಬಸ್ಸು ಹತ್ತಲು ಕಂಬಿ ಹಿಡಿದರು.

ನಾನು ಬಾಗಿಲಿಗೆ ಅಡ್ಡ ನಿಂತಿದ್ದೆ. ಕೇಳಬಾರದು ಎಂದುಕೊಂಡಿದ್ದೆ. ಕೇಳಿಯೇಬಿಟ್ಟೆ.

"ಮಾವ, ಆ ದಿನ ನಾನು ಸಹಿ ಹಾಕಿದ್ದಿದ್ರೆ, ಈ ಏರಿನಲ್ಲಿ ಬಸ್ಸಿನ ಜನರೊಟ್ಟಿಗೆ ನೀವೂ ಕೂತಿರ್ತಿದ್ರಾ?"