ಗಾಳಿಗೆ ಮುಚ್ಚಿಕೊಂಡ ಬಾಗಿಲು

ಭಾನುವಾರ, ಮಾರ್ಚ್ ೧೧

ನನ್ನ ಗುಬ್ಬಿಗೆ,

ಹೇಗಿದ್ದೀಯ ಮಗಳೇ? ಅಳಿಯಂದಿರ ಬೆನ್ನುನೋವು ಇಳಿಯಿತೇ? ನಮ್ಮ ಗುಂಡಣ್ಣನಿಗೆ ಮುಂದಿನ ಹಲ್ಲು ಬಂತೋ, ಇನ್ನೂ ಬೊಚ್ಚುಬಾಯಿ ತಾತನ ಹಾಗೇ ನಗುತ್ತಿದ್ದಾನೋ? ನಿಮ್ಮತ್ತೆ ಹೊಸ ಕನ್ನಡಕ ಬಂದ ಮೇಲಾದರೂ ಕೆಮ್ಮಿನ ಔಷಧಿ ಯಾವುದು, ಮಂಡಿಗೆ ಹಚ್ಚುವ ಎಣ್ಣೆ ಯಾವುದು ಎಂದು ನೋಡಿ ತೆಗೆದುಕೊಳ್ಳುತ್ತಿದ್ದಾರೆ ತಾನೇ? ನೀನು ಮೂರು ಕಾಗದ ಬರೆದೆ, ನಾನು ಒಂದಕ್ಕೂ ಉತ್ತರ ಹಾಕಲಿಲ್ಲ. ಕೈನೋವು ಅಂತ ನೆಪ ಹೇಳಬಹುದಿತ್ತು. ಆದರೆ ಅದು ಹೆದರಿಕೆ ಕಣೇ.

ಸಿನಿಮಾ ಎಲ್ಲಿಗೆ ಬಂತು ಎಂದು ಮೂರರಲ್ಲೂ ಕೇಳಿದ್ದೀಯ. ಪುಸ್ತಕದ ಒಂದಕ್ಷರವೂ ಬದಲಾಗಬಾರದು, ನನಗೆ ಅಮ್ಮ ಅಂದರೆ ಆ ಪುಸ್ತಕವೇ ಎಂದು ಅಡಿಗೆರೆ ಎಳೆದು ಬರೆದಿದ್ದೀಯ. ನಿಜವೇ. ನನ್ನ ತಂಗಿ ಆ ಬೆಂಕಿಯಲ್ಲಿ ಹೋದಾಗ ನಿನಗೆ ಮೂರು ವರ್ಷ. ನೀನು ಅವಳನ್ನು ಕಂಡದ್ದೆಲ್ಲ ನಾನು ಬರೆದ ಆ ಒಂದೇ ಒಂದು ಕಾದಂಬರಿಯಲ್ಲಿ. ಶಾಲೆಯ ಮೆಟ್ಟಿಲು ಹತ್ತದೆ, ಬೈಂಡಿಂಗ್ ಮನೆಯಲ್ಲಿ ಪುಸ್ತಕ ಹೊಲಿಯುತ್ತಲೇ ಓದು ಕಲಿತವಳು ನಾನು. ಕೈಗೆ ಸಿಕ್ಕ ಹಾಳೆಯಿಂದ ಕಥೆ ಶುರು ಮಾಡಿ ಆಮೇಲೆ ಅದರ ತಲೆ ಎಲ್ಲಿ, ಬಾಲ ಎಲ್ಲಿ ಎಂದು ಹುಡುಕುತ್ತಿದ್ದೆ. ಅಂಥವಳ ಪುಸ್ತಕ ಸಿನಿಮಾ ಆಗುತ್ತದೆ ಅಂದಾಗ ಕೆಳಗಿನ ಮನೆಯ ದರ್ಜಿಗೆ ಓಡಿಹೋಗಿ ಹೇಳಿದೆ. ಸುಮ್ಮನೆ ಇರಬಾರದಾಗಿತ್ತೇ ನನ್ನ ಬಾಯಿ.

ಹೋದ ತಿಂಗಳು ನಿರ್ದೇಶಕ ಬಂದಿದ್ದ. ಜೊತೆಗೆ ನನ್ನ ಪಾತ್ರ ಮಾಡುವ ಹುಡುಗಿ. ಹಳೆಯ ಬೈಂಡಿಂಗ್ ಮನೆ ನೋಡಬೇಕು ಅಂದರು. ಸುಟ್ಟುಹೋದ ಸೂರನ್ನು ಹೊಸದಾಗಿ ಹೊದಿಸಿ, ಬಾಗಿಲು ಹೊಸದು ಹಾಕಿಸಿ, ಈಗ ಅಲ್ಲಿ ಮುರಿದ ಕುರ್ಚಿ ಪೇರಿಸಿಟ್ಟಿದ್ದಾರೆ. ಉದ್ದದ ಮೇಜು ಮಾತ್ರ ಒಂದು ಕಡೆ ಕರಕಲಾಗಿ ಹಾಗೇ ಇದೆ. ಆ ಹುಡುಗಿ ಕೆಲಸ ಕಲಿಸಿ ಅಂದಳು. ಅವರು ತಂದಿದ್ದ ಹಾಳೆಗಳನ್ನು ಮಡಿಸಿ ಸಾಲಾಗಿ ಜೋಡಿಸಿ, ಮೇಜು ಸುತ್ತುತ್ತಾ ಒಂದೊಂದೇ ಎತ್ತಿಕೊಂಡು ಪುಸ್ತಕ ಕೂಡಿಸುವುದನ್ನು ತೋರಿಸಿದೆ. ಎಷ್ಟು ವರ್ಷದ ಮೇಲೆ! ಕೈ ಮರೆತಿರಲಿಲ್ಲ. ಬಾಯಾರಿತು, ನೀರು ಕುಡಿಯಲು ಹೊರಗೆ ಬಂದೆ. ಬಂದವಳು ಏನು ಮಾಡುತ್ತಿದ್ದೇನೆ ಎನ್ನುವುದು ತಿಳಿಯದೆ ಹೊರಗಿನಿಂದ ಚಿಲಕ ಹಾಕಿಬಿಟ್ಟೆ. ಒಳಗಿಂದ ಆ ಹುಡುಗಿ ಬಾಗಿಲು ಬಡಿದು, "ಅಮ್ಮಾ, ಪಾತ್ರ ಚೆನ್ನಾಗಿ ಮಾಡ್ತೀನಿ, ಬಿಟ್ಬಿಡಿ" ಅಂತ ನಕ್ಕಳು. ನನಗೆ ನಗು ಬರಲಿಲ್ಲ. ಮೊಗಸಾಲೆಯಲ್ಲಿ ನಿಂತಿದ್ದ ನಿರ್ದೇಶಕನೂ ನಗಲಿಲ್ಲ. ಅವನು ನನ್ನ ಮುಖ ನೋಡದೆ ಕೈಯನ್ನೇ ನೋಡುತ್ತಿದ್ದ.

ಒಂದು ವಾರಕ್ಕೆ ಚಿತ್ರಕಥೆ ಬಂತು. ಕೊನೆಯವರೆಗೂ ಪುಸ್ತಕದ ದಾರಿಯಲ್ಲೇ ನಡೆಯುತ್ತದೆ, ನಿನಗೆ ಬಾಯಿಪಾಠವಿರುವ ಬೆಂಕಿಯ ಅಧ್ಯಾಯ ಒಂದನ್ನು ಬಿಟ್ಟು. ನನ್ನ ಪುಸ್ತಕದಲ್ಲಿ ತಂಗಿ ಒಬ್ಬಳೇ ಒಳಗಿರುವಾಗ ಗಾಳಿಗೆ ಬಾಗಿಲು ಮುಚ್ಚಿಕೊಂಡು ಬಿಗಿದುಹೋಗುತ್ತದೆ, ಅಂಟು ಕಾಯಿಸುವ ಸ್ಟವ್ ಉರುಳುತ್ತದೆ. ಅವರ ಸಿನಿಮಾದಲ್ಲಿ ಅಕ್ಕನೇ ಚಿಲಕ ಹಾಕಿ ಹೋಗುತ್ತಾಳೆ.

ಓದಿದ ಕೂಡಲೇ ನಿರ್ದೇಶಕನನ್ನು ಕರೆಸಿದೆ. "ನೋಡಪ್ಪ, ಹಳೇ ಪುಸ್ತಕಕ್ಕೆ ಹೊಸ ರಟ್ಟು ಹಾಕು, ಹೊಸ ದಾರದಲ್ಲಿ ಹೊಲಿ, ಅಂಚೂ ಕತ್ತರಿಸು. ಒಳಗಿನ ಹಾಳೆ ಕಿತ್ತು ನಿನ್ನ ಹಾಳೆ ಸೇರಿಸಬೇಡ" ಎಂದೆ. ಅವನಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಎಷ್ಟೋ ಚೆನ್ನಾಗಿತ್ತು. ಓದುವವರು ಗಾಳಿ ಅಂದರೆ ಗಾಳಿ ಅಂತ ನಂಬಿ ಪುಟ ತಿರುವುತ್ತಾರಂತೆ, ನೋಡುವವರ ಕಣ್ಣೆದುರು ಬಾಗಿಲೇ ಇರುತ್ತದಂತೆ. "ಗಾಳಿ ಮುಚ್ಚಿದ ಬಾಗಿಲನ್ನ ಒಳಗಿಂದ ಎಳೆದು ತೆಗೀಬಹುದಲ್ಲಮ್ಮ. ತಂಗಿ ಯಾಕೆ ತೆಗೀಲಿಲ್ಲ ಅಂತ ಥಿಯೇಟರಲ್ಲಿ ಒಬ್ಬನಾದ್ರೂ ಕೇಳ್ತಾನೆ" ಎಂದ. ಬಿಗಿದುಕೊಂಡಿತ್ತು ಅಂದೆ. ಅವನು ಕೊನೆಗೆ, ನೀವು ಬೇಡ ಎಂದರೆ ಗಾಳಿಯನ್ನೇ ಇಡುತ್ತೇನೆ, ಮುಂದಿನ ಶುಕ್ರವಾರದ ಆಚೆಯ ಶುಕ್ರವಾರ ಬರುತ್ತೇನೆ, ಅಷ್ಟರಲ್ಲಿ ಯೋಚಿಸಿ ಎಂದು ಹೇಳಿ ಎದ್ದ.

ಅಂದಿನಿಂದ ಮೆಟ್ಟಿಲ ಮೇಲೆ ಯಾರ ಹೆಜ್ಜೆ ಕೇಳಿದರೂ ಬೆಚ್ಚುತ್ತೇನೆ. ದರ್ಜಿಯ ಹತ್ತಿರ ಗೋಳು ತೋಡಿಕೊಂಡೆ. ಅವನೋ, "ಸಿನಿಮಾದವ್ರು ಅಂದ್ಮೇಲೆ ಅಳತೆ ತಗೊಂಡ್ಹಾಗೇ ಹೊಲೀತಾರಾ ಅಕ್ಕ? ಕುಂಬಳಕಾಯಿ ಕಳ್ಳ ಅಂದ್ರೆ ನೀವ್ಯಾಕೆ ಹೆಗಲು ಮುಟ್ಟಿ ನೋಡ್ಕೋತೀರಿ" ಎಂದು ಸೂಜಿಗೆ ದಾರ ಪೋಣಿಸಿದ. ತಮಾಷೆಗೇ ಅಂದದ್ದು.

ನನ್ನ ಕಣ್ಣಿಗೆ ಕಟ್ಟುವುದು ಒಂದೇ ಗುಬ್ಬಿ. ಕತ್ತಲೆಯ ಥಿಯೇಟರು, ನನ್ನ ಪಕ್ಕದಲ್ಲಿ ನೀನು. ಎದುರಿಗೆ ಗೋಡೆಯಷ್ಟು ದೊಡ್ಡ ಕೈ, ಚಿಲಕ ಎಳೆಯುತ್ತಿದೆ. ನೀನು ಪರದೆ ಬಿಟ್ಟು ನನ್ನ ಕಡೆ ತಿರುಗುತ್ತೀಯ.

ಅದಕ್ಕೇ ಬೇಡ ಎಂದು ಹೇಳಿಬಿಡುತ್ತೇನೆ. ನೀನೂ ಅದನ್ನೇ ಕೇಳಿದ್ದೀಯಲ್ಲ, ಪುಸ್ತಕದಲ್ಲಿ ಇದ್ದ ಹಾಗೇ ಇರಲಿ ಎಂದು.

ಮನೆಮಂದಿಯೆಲ್ಲ ನೆಮ್ಮದಿಯಾಗಿರಿ. ಗುಂಡಣ್ಣನ ಎರಡೂ ಕೆನ್ನೆಗೆ ನನ್ನ ಮುತ್ತು. ನಿನ್ನ ಬಾಳು ತಣ್ಣಗಿರಲಿ ತಾಯಿ.

ನಿನ್ನ
ದೊಡ್ಡಮ್ಮ

ಮರೆತ ಮಾತು: ಮರೆತದ್ದಲ್ಲ. ಮೇಲಿನದನ್ನು ಲಕೋಟೆಗೆ ಹಾಕಿದೆ, ಅಂಟಿಸಲು ಆಗಲಿಲ್ಲ.

ಹೊರಡುವಾಗ ನಿರ್ದೇಶಕ ಇನ್ನೊಂದು ಮಾತು ಹೇಳಿದ. "ನಿಮ್ಮ ಪುಸ್ತಕ ಗಾಳಿ ಅನ್ನುತ್ತೆ. ಆವತ್ತು ನಿಮ್ಮ ಕೈ ಬೇರೆ ಏನೋ ಅಂತು. ನಾನು ಯಾವುದಕ್ಕೆ ನಿಯತ್ತಾಗಿರಲಿ, ಅಮ್ಮ?"

ಹಾಳೆ ಕೂಡಿಸುವಾಗ ಬಾಗಿಲು ತೆರೆದುಕೊಂಡರೆ ಎಲ್ಲ ಹಾರಿ ಕಲಸಿಹೋಗುತ್ತಿತ್ತು. ಒಳಗಡೆ ಚಿಲಕವಿರಲಿಲ್ಲ. ಅದಕ್ಕೆ ಹೊರಗೆ ಹೋದವರು ಹೊರಗಿನಿಂದ ಹಾಕಬೇಕು, ಅಲ್ಲೇ ಹತ್ತಿರ ಇರಬೇಕು, ಒಳಗಿನವರು ಬಡಿದರೆ ತೆಗೆಯಬೇಕು. ಇದು ನಮ್ಮಲ್ಲಿ ಕಟ್ಟಳೆ. ಇದನ್ನು ನಾನು ಪುಸ್ತಕದಲ್ಲಿ ಬರೆಯಲೇ ಇಲ್ಲ. ಆವತ್ತು ಚಿಲಕ ಹಾಕಿ, ಕೈಯ ಅಂಟು ತೊಳೆಯಲು ನಲ್ಲಿಯ ಹತ್ತಿರ ಹೋದೆ. ಅಲ್ಲಿ ಜೊತೆಗೆ ಕೆಲಸ ಮಾಡುವವಳೊಬ್ಬಳು ಸಿಕ್ಕಳು, ಮಾತಿಗೆ ನಿಂತೆ. ಒಳಗಿಂದ ಧಡ್ ಧಡ್ ಎಂದು ಬಡಿಯುವುದು ಕೇಳುತ್ತಲೇ ಇತ್ತು ಗುಬ್ಬಿ. ಪುಸ್ತಕದ ಬೆನ್ನು ಕೂರಿಸಲು ನಾವು ಮರದ ಸುತ್ತಿಗೆಯಿಂದ ಬಡಿಯುತ್ತೇವಲ್ಲ, ಅದೇ ಸದ್ದು ಎಂದುಕೊಂಡೆ. "ನೋಡು ನನ್ನ ತಂಗಿ, ಬಿಡುವಿನಲ್ಲೂ ಬಿಡಲ್ಲ" ಎಂದು ಹೆಮ್ಮೆಯಿಂದ ಹೇಳಿದೆ. ಸದ್ದು ನಿಂತ ಮೇಲೆ ಹೊಗೆ ಕಂಡಿತು.

ಎಲ್ಲರಿಗಿಂತ ಮೊದಲು ಓಡಿದವಳು ನಾನೇ, ಕಾದ ಚಿಲಕ ಎಳೆದವಳೂ ನಾನೇ. ಅಲ್ಲಿಗೆ ಚಿಲಕ ಹಾಕಿತ್ತೆಂದು ಯಾರಿಗೂ ಗೊತ್ತಾಗಲಿಲ್ಲ. ಅಮ್ಮನನ್ನು ಉಳಿಸಲು ಹೋದ ಕೈ ಎಂದು ನೀನು ಚಿಕ್ಕವಳಿದ್ದಾಗ ಈ ಸುಟ್ಟ ಕಲೆಗೆ ಮುತ್ತು ಕೊಡುತ್ತಿದ್ದೆ. ನಾನು ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

ಈಗ ಅವನಿಗೆ ಹೂಂ ಅನ್ನಲೋ ಬೇಡ ಅನ್ನಲೋ ನೀನೇ ಹೇಳಬೇಕು. ಅವನು ಬರಲು ಇನ್ನು ಹನ್ನೆರಡು ದಿನವಿದೆ. ಬಯ್ದು ಬರೆ, ಒಂದೇ ಸಾಲು ಬರೆ, ದೊಡ್ಡಮ್ಮ ಅಂತ ಕರೆಯದೆ ಬೇಕಾದರೂ ಬರೆ. ಬೇಗ ಬರೆ.