ಆ ಗ್ರಹಕ್ಕೆ ಕೋಳಿ, ಕತ್ತೆ, ಬೆಕ್ಕು ಬಂದದ್ದು

ಅಕ್ಕರೆಯ ಅಕ್ಕನಿಗೆ,

ಇದನ್ನು ನಿನಗೆ ಓದಿ ಹೇಳುವವಳು ನಿನ್ನ ಮಗಳು. ಹಾಗಾಗಿ ಬೈಯಬೇಕೆಂದುಕೊಂಡದ್ದರಲ್ಲಿ ಅರ್ಧ ನುಂಗಿಕೊಂಡಿದ್ದೇನೆ.

ನನ್ನ ಹೊಸ ಕಾದಂಬರಿಗೆ ಬೇರೆ ಚಿತ್ರಗಾರರನ್ನು ನೋಡಿಕೋ ಎಂದು ಹೇಳಿ ಕಳಿಸಿದ್ದೀಯ. ಮೊದಲ ಪುಸ್ತಕದಿಂದಲೂ ನನ್ನ ಕಲ್ಪನೆಗೆಲ್ಲ ಮೈ ಕೊಟ್ಟವಳು ನೀನು. ಎರಡು ಸೂರ್ಯರಿರುವ ಗ್ರಹದಲ್ಲಿ ಆರು ಕಾಲಿನ, ಬೆನ್ನ ಮೇಲೆ ಕಿವಿಯಿರುವ ಮೃಗ ಎಂದು ನಾನು ಗೀಚಿದರೆ, "ಲೇ, ಇದು ಕೂತ್ಕೊಳ್ಳೋದು ಹೇಗೆ?" ಎಂದು ನೀನು ಕೇಳಿ, ಚಿತ್ರದಲ್ಲಿ ಕೂರಿಸಿಯೂ ತೋರಿಸುತ್ತಿದ್ದೆ.

ಆಮೇಲೆ ನಿನ್ನ ಕಣ್ಣಿಗೆ ಮಬ್ಬು ಕವಿಯಿತು. ಹೋದ ದೃಷ್ಟಿ ತಿರುಗಿ ಬರುವುದಿಲ್ಲ ಎಂದರು ವೈದ್ಯರು. ಯಾರೂ ಕಾಣದ ಮೃಗವನ್ನು ಬಿಡಿಸಲು ಹಾಳೆಯನ್ನು ಮತ್ತೆ ಮತ್ತೆ ನೋಡಿ ತಿದ್ದಬೇಕು, ಅದು ನಿನ್ನಿಂದಾಗಲಿಲ್ಲ. ಆದರೆ ಕೋಳಿ, ಕತ್ತೆ, ಬೆಕ್ಕು ನಿನ್ನ ಕೈಗೇ ಬಾಯಿಪಾಠವಾಗಿದ್ದವು. ಹೋದ ಕಾದಂಬರಿಯಲ್ಲಿ ನಾನು ಸದ್ದಿಲ್ಲದೆ ಆರು ಕಾಲಿನವನ್ನೆಲ್ಲ ಓಡಿಸಿದೆ. ಆ ಗ್ರಹದ ಕೆಂಪು ಮಣ್ಣನ್ನು ಕೋಳಿ ಕೆದಕಿತು, ಕತ್ತೆ ಹೊರೆ ಹೊತ್ತಿತು, ಬೆಕ್ಕು ಗಗನನೌಕೆಯಲ್ಲಿ ಕೂತಿತು.

ಪ್ರಕಾಶಕರು ತಲೆ ಕೆರೆದುಕೊಂಡರು. "ಅಷ್ಟು ದೂರ ಹೋಗಿ ಕೋಳಿ ನೋಡ್ಬೇಕಾ ಮೇಡಂ?"

"ಮನುಷ್ಯ ಹೋಗಿಲ್ವಾ? ಅವನ ಹಿಂದೆ ಅದೂ ಹೋಯ್ತು" ಎಂದೆ.

ನಿನಗೆ ಗೊತ್ತಾಗದೆ ಇರುತ್ತದೆಯೇ? ಹಸ್ತಪ್ರತಿ ಓದಿಸಿಕೊಂಡವಳೇ ನೀನು ಸಿಡಿದೆ. "ನನ್ನ ನೋಡಿ ಅಯ್ಯೋ ಪಾಪ ಅಂತ ಬೆಕ್ಕನ್ನ ಕರ್ಕೊಂಡು ಬಂದೆ, ಸರಿ. ಬಂದ ಮೇಲೆ ಅದಕ್ಕೊಂದು ಕೆಲಸ ಬೇಡ್ವಾ? ಗಗನನೌಕೇಲಿ ಬೊಂಬೆ ಹಾಗೆ ಕೂರ್ಸಿದೀಯಲ್ಲ!" ಮನೆಯ ಬೆಕ್ಕನ್ನು ಎತ್ತಿ ನನ್ನ ಮಡಿಲಿಗೆ ಹಾಕಿ, "ಕಣ್ಣು ಮುಚ್ಚು. ಈಗ ಹೇಳು, ಏನು ಮಾಡ್ತಿದೆ?" ಎಂದೆ.

ಮೊದಲು ಬರೀ ತುಪ್ಪಳ. ಆಮೇಲೆ ಪಕ್ಕೆಯ ಏರಿಳಿತ. ಇದ್ದಕ್ಕಿದ್ದಂತೆ ಅದರ ಕಿವಿ ನನ್ನ ಬೆರಳಿನಡಿ ಬಾಗಿಲ ಕಡೆ ತಿರುಗಿತು. ನನಗೇನೂ ಕೇಳಿಸಿರಲಿಲ್ಲ. ಸ್ವಲ್ಪ ಹೊತ್ತಿಗೆ ನಿನ್ನ ಮಗಳು ಮೆಟ್ಟಿಲು ಹತ್ತಿ ಬಂದಳು.

ಮನೆಗೆ ಹೋಗಿ ಆ ಅಧ್ಯಾಯವನ್ನು ಹರಿದು ಹೊಸದಾಗಿ ಬರೆದೆ. ನೌಕೆಯ ದೀಪಗಳೆಲ್ಲ ಆರಿವೆ. ಎಲ್ಲೋ ಸಣ್ಣ ಬಿರುಕಿನಲ್ಲಿ ಗಾಳಿ ಸೋರುತ್ತಿದೆ. ಒಬ್ಬಳೇ ಉಳಿದ ಚಾಲಕಿ ಕತ್ತಲಲ್ಲಿ ಬೆಕ್ಕಿನ ಕಿವಿ ತಿರುಗಿದ ಕಡೆಗೆ ತಡವುತ್ತ ಹೋಗಿ, ಬಿರುಕನ್ನು ಅಂಗೈಯಿಂದ ಮುಚ್ಚುತ್ತಾಳೆ.

ಅದಕ್ಕೆ ನೀನು ಹಾಳೆ ತುಂಬ ಕಪ್ಪು ಬಳಿದು, ಮೇಲೆ ಬಿಳಿಯಲ್ಲಿ ಒಂದೇ ಒಂದು ಕಿವಿ ಬರೆದೆ. ಪ್ರಕಾಶಕರು ಅದನ್ನೇ ಮುಖಪುಟ ಮಾಡಿದರು.

ಅದೇ ಕೊನೆಯ ಚಿತ್ರ ಎನ್ನುತ್ತೀಯ. ಆಗಲಿ, ಬಲವಂತ ಮಾಡುವುದಿಲ್ಲ. ಆದರೆ ಬೇರೆಯವರು ಬೇಡವೆಂದು ಪ್ರಕಾಶಕರಿಗೆ ಹೇಳಿ ಬಂದಿದ್ದೇನೆ. ಹೊಸ ಪುಸ್ತಕ ಚಿತ್ರವಿಲ್ಲದೆಯೇ ಬರುತ್ತದೆ. ಮೊದಲ ಪುಟ ಬರೆದಿಟ್ಟಿದ್ದೇನೆ: ಬಯಲಿದೆ, ಧೂಳಿದೆ, ಒಂದು ಜೀವವೂ ಇಲ್ಲ. ಭಾನುವಾರ ಬರುತ್ತೇನೆ. ಅಲ್ಲಿ ಮೊದಲು ಕಾಲಿಡುವ ಪ್ರಾಣಿ ಯಾವುದು, ಬಂದು ಏನು ಮಾಡುತ್ತದೆ, ನೀನು ಹೇಳು. ನಾನು ಬರೆದುಕೊಳ್ಳುತ್ತೇನೆ.

ಚಿಕ್ಕವಳು ದೊಡ್ಡವಳನ್ನು ಹರಸಬಾರದಂತೆ. ಆದರೂ, ನಿನ್ನ ಕೈಗಳು ನೂರು ಕಾಲ ಬೆಚ್ಚಗಿರಲಿ ಅಕ್ಕ.

ನಿನ್ನಿಂದ ಬೈಸಿಕೊಂಡೇ ಬರೆಯಲು ಕಲಿತ,
ತಂಗಿ